ರೆಕ್ಕೆಯನ್ನು ತಿರುಚಿ ಬಾನನ್ನು ಪಳಗಿಸಿದ ವಿಲ್ಬರ್ ರೈಟ್

ಜೋಗೇಶ್ವರಿಯ ನಿವಾಸಿಗಳಿಗೆ ವಿಮಾನವು ಅಚ್ಚರಿಯ ವಸ್ತುವಾಗಿ ಉಳಿದಿಲ್ಲ. ದಕ್ಷಿಣಕ್ಕೆ ಅಂಧೇರಿಯತ್ತ ಸಾಗಿದರೆ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ. ಕಡಲ ತಡಿಯ ಕಡೆಗೆ 1928ರಲ್ಲಿ ಆರಂಭಗೊಂಡ ಜುಹೂ ವಿಮಾನ ನಿಲ್ದಾಣ. ಪುರಾತನ ಗುಹಾ ದೇವಾಲಯದ ಮೇಲೆ ಸುತ್ತುವ ಹದ್ದುಗಳಷ್ಟೇ ಸಹಜವಾಗಿ ಇಲ್ಲಿನ ಆಕಾಶದಲ್ಲಿ ವಿಮಾನಗಳೂ ಸಂಚರಿಸುತ್ತವೆ. ಊರಿನ ಮದುವೆಗೋ ದೈವದ ಕೋಲಕ್ಕೋ ಹೊರಟು, ಮಂಗಳೂರಿನ ವಿಮಾನದಲ್ಲಿ ಕಿಟಕಿಯ ಬದಿಗೆ ಕುಳಿತ ಮುಂಬಯಿ ಕನ್ನಡಿಗರು ಒಂದು ಸಂಗತಿಯನ್ನು ಗಮನಿಸಿರಬಹುದು. ವಿಮಾನ ತಿರುವು ಪಡೆಯುವಾಗ ರೆಕ್ಕೆಯ ಹಿಂಬದಿಯ ಅಂಚಿನಲ್ಲಿ, ತುದಿಯ ಸಮೀಪ, ಹಲಗೆಯಂತಹ ಸಣ್ಣ ಭಾಗವೊಂದು ತುಸು ಮೇಲೇಳುತ್ತದೆ, ಇಲ್ಲವೇ ಕೆಳಗಿಳಿಯುತ್ತದೆ. ಒಡನೆಯೇ ವಿಮಾನ ಒಂದು ಮಗ್ಗುಲಿಗೆ ವಾಲುತ್ತದೆ. ಈ ಪುಟ್ಟ ಚಲನೆಯ ಹಿಂದೆ ಅಮೆರಿಕದ ಸೈಕಲ್ ವ್ಯಾಪಾರಿಯೊಬ್ಬರ ಹಲವು ವರ್ಷಗಳ ತಪಸ್ಸಿದೆ. ಅವರೇ ವಿಲ್ಬರ್ ರೈಟ್. ರೈಟ್ ಸಹೋದರರೆಂದು ಜಗತ್ತು ಜೋಡಿಯಾಗಿ ಸ್ಮರಿಸುವ ಇಬ್ಬರಲ್ಲಿ ಹಿರಿಯರು.

ಮಾನವನು ಹಾರಲು ಕಲಿತದ್ದು ಎಂಜಿನಿನ ಬಲದಿಂದ ಎಂಬುದು ಸಾಮಾನ್ಯ ತಿಳುವಳಿಕೆ. ವಿಲ್ಬರ್ ಅವರ ಬದುಕನ್ನು ನೋಡಿದರೆ ಈ ತಿಳುವಳಿಕೆ ಅರ್ಧ ಸತ್ಯವೆಂದು ಮನದಟ್ಟಾಗುತ್ತದೆ. ಮೇಲೇರುವುದಕ್ಕಿಂತ ಮೇಲೇರಿದ ಬಳಿಕ ಸಮತೋಲನ ಕಾಯ್ದುಕೊಳ್ಳುವುದೇ ಹಾರಾಟದ ನಿಜವಾದ ಸಮಸ್ಯೆಯೆಂದು ಅವರು ಮೊದಲೇ ಗುರುತಿಸಿದ್ದರು. ಆ ಸಮಸ್ಯೆಗೆ ಅವರು ಕಂಡುಕೊಂಡ ಉತ್ತರವೇ ಹಾರಿಸುವವನ ಇಚ್ಛೆಗೆ ತಕ್ಕಂತೆ ಆಕಾರ ಬದಲಿಸುವ ರೆಕ್ಕೆ.

ಬಾಲ್ಯ ಮತ್ತು ಒಂದು ಅಪಘಾತ

ವಿಲ್ಬರ್ ಅವರು 1867ರ ಏಪ್ರಿಲ್ 16ರಂದು ಇಂಡಿಯಾನಾ ರಾಜ್ಯದ ಮಿಲ್‌ವಿಲ್ ಎಂಬ ಹಳ್ಳಿಯ ಬಳಿ ಜನಿಸಿದರು. ತಂದೆ ಮಿಲ್ಟನ್ ರೈಟ್ ಕ್ರೈಸ್ತ ಧರ್ಮಗುರುಗಳು, ಮುಂದೆ ಬಿಷಪ್ ಆದವರು. ತಾಯಿ ಸೂಸಾನ್ ಬಂಡಿ ತಯಾರಕರ ಮಗಳು. ಸುತ್ತಿಗೆ, ಉಳಿಗಳನ್ನು ಹಿಡಿದು ಮನೆಗೆ ಬೇಕಾದ ಸಾಮಾನು, ಮಕ್ಕಳ ಆಟಿಕೆಗಳನ್ನು ತಾವೇ ಮಾಡಬಲ್ಲ ಗೃಹಿಣಿ. ಮಕ್ಕಳಿಗೆ ಕೈಗೆಲಸದ ಜಾಣ್ಮೆ ಬಂದದ್ದು ತಾಯಿಯಿಂದಲೇ. ತಮ್ಮ ಆರ್ವಿಲ್ 1871ರಲ್ಲಿ, ತಂಗಿ ಕ್ಯಾಥರೀನ್ 1874ರಲ್ಲಿ ಓಹಾಯೋ ರಾಜ್ಯದ ಡೇಟನ್ ನಗರದಲ್ಲಿ ಜನಿಸಿದರು. 1878ರಲ್ಲಿ ತಂದೆ ಪ್ರವಾಸದಿಂದ ಹಿಂದಿರುಗುವಾಗ ರಬ್ಬರ್ ಪಟ್ಟಿಯ ಬಲದಿಂದ ಹಾರುವ ಒಂದು ಆಟಿಕೆಯನ್ನು ತಂದರು. ಅದು ಮುರಿದುಹೋದಾಗ ಸಹೋದರರು ತಾವೇ ಇನ್ನೊಂದನ್ನು ಮಾಡಿಕೊಂಡರು.

ಓದಿನಲ್ಲಿ ಮುಂದಿದ್ದ ವಿಲ್ಬರ್ ಅವರು ಯೇಲ್ ವಿಶ್ವವಿದ್ಯಾಲಯ ಸೇರುವ ಯೋಚನೆಯಿತ್ತು. ಆದರೆ 1885-86ರ ಚಳಿಗಾಲದಲ್ಲಿ ಮಂಜಿನ ಮೇಲೆ ಆಡುವಾಗ ಕೋಲೊಂದು ಮುಖಕ್ಕೆ ಬಡಿದು ಮುಂಭಾಗದ ಹಲ್ಲುಗಳು ಮುರಿದವು. ಗಾಯ ಮಾಯಿತಾದರೂ ಹೃದಯ ದುರ್ಬಲವಾಗಿದೆಯೆಂಬ ಆತಂಕ, ಮಂಕುತನ ಅವರನ್ನು ಕಾಡಿದವು. ಸುಮಾರು ಮೂರು ವರ್ಷ ಅವರು ಮನೆಯಿಂದ ಹೊರಗೆ ಹೆಚ್ಚು ಹೋಗಲಿಲ್ಲ. ಕ್ಷಯರೋಗಕ್ಕೆ ತುತ್ತಾಗಿದ್ದ ತಾಯಿಯ ಶುಶ್ರೂಷೆಯನ್ನು ವಹಿಸಿಕೊಂಡು, ಉಳಿದ ಸಮಯದಲ್ಲಿ ತಂದೆಯ ಗ್ರಂಥಾಲಯದ ಪುಸ್ತಕಗಳನ್ನು ಓದಿದರು. 1889ರಲ್ಲಿ ತಾಯಿ ತೀರಿಕೊಂಡರು. ಕಾಲೇಜಿನ ಬಾಗಿಲು ಮುಚ್ಚಿತು. ಆದರೆ ಸ್ವಂತವಾಗಿ ಓದಿ, ಸ್ವಂತವಾಗಿ ಪರೀಕ್ಷಿಸಿ ನಿರ್ಧರಿಸುವ ಗುಣ ಆ ಏಕಾಂತದಲ್ಲೇ ಗಟ್ಟಿಗೊಂಡಿತು.

ಸೈಕಲ್ ಅಂಗಡಿಯ ಪಾಠ

ಸಹೋದರರು ಮೊದಲು ಮುದ್ರಣಾಲಯ ನಡೆಸಿದರು. 1892ರಲ್ಲಿ ಸೈಕಲ್ ರಿಪೇರಿ ಹಾಗೂ ಮಾರಾಟದ ಅಂಗಡಿ ತೆರೆದು, 1896ರಿಂದ ತಮ್ಮದೇ ಸೈಕಲ್‌ಗಳನ್ನು ತಯಾರಿಸತೊಡಗಿದರು. ಸೈಕಲ್ ತಾನಾಗಿ ನಿಲ್ಲುವ ವಾಹನವಲ್ಲ, ಬಿಟ್ಟರೆ ಬೀಳುತ್ತದೆ. ಸವಾರನು ಕ್ಷಣಕ್ಷಣವೂ ಸಮತೋಲನ ಮಾಡುತ್ತಿದ್ದರೆ ಮಾತ್ರ ಅದು ಸಾಗುತ್ತದೆ. ತಿರುವಿನಲ್ಲಿ ಸವಾರನು ಒಳಕ್ಕೆ ವಾಲಲೇಬೇಕು. ಹಾರುವ ಯಂತ್ರವನ್ನು ದೋಣಿಯಂತೆಯೋ ಬಂಡಿಯಂತೆಯೋ ಕಲ್ಪಿಸಿಕೊಂಡಿದ್ದ ಸಮಕಾಲೀನರಿಗೆ ಹೊಳೆಯದ ಸತ್ಯ ಸೈಕಲ್ ವ್ಯಾಪಾರಿಗೆ ಹೊಳೆದದ್ದು ಸಹಜವೇ ಆಗಿತ್ತು.

1896ರ ಆಗಸ್ಟ್‌ನಲ್ಲಿ ಜರ್ಮನಿಯ ಒಟ್ಟೋ ಲಿಲಿಯೆಂಥಾಲ್ ತಮ್ಮ ಗ್ಲೈಡರಿನಿಂದ ಬಿದ್ದು ಮೃತರಾದರು. ಎಂಜಿನ್ ಇಲ್ಲದ ರೆಕ್ಕೆಗಳನ್ನು ಕಟ್ಟಿಕೊಂಡು ಗುಡ್ಡದಿಂದ ತೇಲಿಬರುತ್ತಿದ್ದ ಅವರು ದೇಹವನ್ನು ಅತ್ತಿತ್ತ ತೂಗಿ ಸಮತೋಲನ ಮಾಡುತ್ತಿದ್ದರು. ಬಿರುಗಾಳಿಯ ಮುಂದೆ ದೇಹದ ತೂಕ ಸಾಲದೆಂದು ಆ ಸಾವು ತೋರಿಸಿಕೊಟ್ಟಿತು. ಆ ವೇಳೆ ಆರ್ವಿಲ್ ಟೈಫಾಯ್ಡ್ ಜ್ವರದಿಂದ ಹಾಸಿಗೆ ಹಿಡಿದಿದ್ದರು. ತಮ್ಮನ ಆರೈಕೆಯ ಆ ದಿನಗಳಲ್ಲಿ ವಿಲ್ಬರ್ ಅವರ ಚಿತ್ತ ಹಾರಾಟದ ಕಡೆಗೆ ಗಂಭೀರವಾಗಿ ತಿರುಗಿತು. 1899ರ ಮೇ 30ರಂದು ಅವರು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಪತ್ರ ಬರೆದು, ಹಾರಾಟದ ಬಗ್ಗೆ ಪ್ರಕಟವಾಗಿದ್ದ ಬರಹಗಳನ್ನು ತರಿಸಿಕೊಂಡರು.

ಖಾಲಿ ಪೆಟ್ಟಿಗೆಯಿಂದ ಹೊಳೆದ ಉಪಾಯ

ಹಕ್ಕಿಗಳು ಗಾಳಿಯಲ್ಲಿ ವಾಲಿದಾಗ ರೆಕ್ಕೆಯ ತುದಿಗಳನ್ನು ತಿರುಚಿ ಮತ್ತೆ ಸಮಸ್ಥಿತಿಗೆ ಬರುತ್ತವೆಂದು ವಿಲ್ಬರ್ ಗಮನಿಸಿದ್ದರು. ಒಂದು ತುದಿ ಗಾಳಿಗೆ ಹೆಚ್ಚು ಓರೆಯಾದರೆ ಆ ಬದಿಯ ಎತ್ತುಬಲ ಹೆಚ್ಚುತ್ತದೆ. ಇನ್ನೊಂದು ತುದಿಯ ಓರೆ ಕಡಿಮೆಯಾದರೆ ಆ ಬದಿ ಇಳಿಯುತ್ತದೆ. ತತ್ತ್ವ ಸರಳ. ಆದರೆ ಮರ ಮತ್ತು ಬಟ್ಟೆಯ ರೆಕ್ಕೆಯನ್ನು ಮುರಿಯದಂತೆ ತಿರುಚುವುದು ಹೇಗೆ? 1899ರ ಬೇಸಿಗೆಯಲ್ಲಿ ಅಂಗಡಿಯಲ್ಲಿ ಗಿರಾಕಿಯೊಬ್ಬರಿಗೆ ಸೈಕಲ್ ಟ್ಯೂಬ್ ಕೊಟ್ಟ ಬಳಿಕ, ಅದರ ಉದ್ದನೆಯ ಖಾಲಿ ರಟ್ಟಿನ ಪೆಟ್ಟಿಗೆಯನ್ನು ಅವರು ಕೈಯಲ್ಲಿ ಸುಮ್ಮನೆ ತಿರುಚುತ್ತಿದ್ದರು. ಎರಡೂ ತುದಿಗಳನ್ನು ಹಿಡಿದು ವಿರುದ್ಧ ದಿಕ್ಕಿಗೆ ತಿರುಚಿದಾಗ ಪೆಟ್ಟಿಗೆ ಉದ್ದಕ್ಕೂ ನೆಟ್ಟಗೆ, ಗಟ್ಟಿಯಾಗಿಯೇ ಉಳಿಯಿತು. ಆದರೆ ಒಂದು ತುದಿ ಮೇಲ್ಮುಖವಾಗಿ, ಇನ್ನೊಂದು ಕೆಳಮುಖವಾಗಿ ಓರೆಯಾದವು. ಪೆಟ್ಟಿಗೆಯ ಮೇಲ್ಭಾಗ ಒಂದು ರೆಕ್ಕೆ, ತಳಭಾಗ ಇನ್ನೊಂದು ರೆಕ್ಕೆ ಎಂದುಕೊಂಡರೆ ಉತ್ತರ ಕಣ್ಣೆದುರಿಗೇ ಇತ್ತು.

ಮೇಲೊಂದು ಕೆಳಗೊಂದು ರೆಕ್ಕೆಯಿರುವ ಬೈಪ್ಲೇನ್ ರಚನೆ ಈ ಉಪಾಯಕ್ಕೆ ಹೇಳಿ ಮಾಡಿಸಿದಂತಿತ್ತು. ಆಕ್ಟೇವ್ ಶನೂಟ್ ಎಂಬ ಹಿರಿಯ ಎಂಜಿನಿಯರರು ರೈಲು ಸೇತುವೆಗಳನ್ನು ಕಟ್ಟಿದ ಅನುಭವದಿಂದ, ಕಂಬಗಳು ಮತ್ತು ಅಡ್ಡತಂತಿಗಳ ಸೇತುವೆಯ ಕಟ್ಟನ್ನೇ ಎರಡು ರೆಕ್ಕೆಗಳ ಗ್ಲೈಡರಿಗೆ ಅಳವಡಿಸಿದ್ದರು. ಹಗುರವಾದರೂ ಬಲವಾದ ರಚನೆ ಅದು. ವಿಲ್ಬರ್ ಅದರಲ್ಲಿ ಒಂದೇ ಒಂದು ಮಾರ್ಪಾಡು ಮಾಡಿದರು. ರೆಕ್ಕೆಯ ಉದ್ದಕ್ಕೆ ತಂತಿಗಳ ಬಿಗಿಯನ್ನು ಉಳಿಸಿಕೊಂಡು, ಮುಂದಿನಿಂದ ಹಿಂದಕ್ಕೆ ಬಿಗಿದಿದ್ದ ತಂತಿಗಳನ್ನು ತೆಗೆದರು. ಇದರಿಂದ ರೆಕ್ಕೆಗಳ ಜೋಡಿ ಬಾಗಿ ಬೀಳುವುದಿಲ್ಲ, ಆದರೆ ಬೇಕೆಂದಾಗ ತಿರುಚಿಕೊಳ್ಳುತ್ತದೆ. ಅದೇ ಬೇಸಿಗೆಯಲ್ಲಿ ಐದು ಅಡಿ ಅಗಲದ ಎರಡು ರೆಕ್ಕೆಗಳ ಗಾಳಿಪಟವನ್ನು ಮಾಡಿ, ಎರಡು ಕೋಲುಗಳಿಗೆ ಕಟ್ಟಿದ ನಾಲ್ಕು ಹುರಿಗಳಿಂದ ಅದನ್ನು ಹಾರಿಸಿದರು. ಕೋಲುಗಳನ್ನು ಒಂದನ್ನೊಂದು ವಿರುದ್ಧ ದಿಕ್ಕಿಗೆ ಓರೆ ಮಾಡಿದರೆ ಗಾಳಿಪಟ ಹೇಳಿದ ಬದಿಗೆ ವಾಲುತ್ತಿತ್ತು.

ಕಿಟಿ ಹಾಕ್ ಮರಳುಗಾಡಿನಲ್ಲಿ

ಸತತವಾಗಿ ಬೀಸುವ ಗಾಳಿ, ಬಿದ್ದರೆ ಪೆಟ್ಟಾಗದ ಮರಳು, ನೋಡುಗರ ಗದ್ದಲವಿಲ್ಲದ ಏಕಾಂತ, ಇವು ಮೂರನ್ನೂ ಅರಸಿ ಸಹೋದರರು 1900ರಲ್ಲಿ ಉತ್ತರ ಕೆರೊಲಿನಾದ ಕಡಲತೀರದ ಕಿಟಿ ಹಾಕ್ ಎಂಬ ಊರಿಗೆ ಬಂದರು. ಮೊದಲ ವರ್ಷ ಉಪಾಯ ಫಲಿಸುವ ಲಕ್ಷಣ ತೋರಿತು. 1901ರಲ್ಲಿ ತಂದ ದೊಡ್ಡ ಗ್ಲೈಡರ್ ನಿರಾಸೆ ತಂದಿತು. ಲೆಕ್ಕಾಚಾರ ಹೇಳಿದಷ್ಟು ಎತ್ತುಬಲ ಅದಕ್ಕೆ ದೊರೆಯಲಿಲ್ಲ. ರೆಕ್ಕೆ ತಿರುಚಿದಾಗ ಕೆಲವೊಮ್ಮೆ ಗ್ಲೈಡರ್ ವಿರುದ್ಧ ದಿಕ್ಕಿಗೇ ತಿರುಗಿತು. ತಮ್ಮ ಜೀವಿತಾವಧಿಯಲ್ಲಿ ಮಾನವ ಹಾರಲಾರನೆಂಬ ಹತಾಶೆ ಮರಳುವ ದಾರಿಯಲ್ಲಿ ವಿಲ್ಬರ್ ಅವರನ್ನು ಆವರಿಸಿತ್ತು.

ಆದರೆ ಅವರು ಕೈಚೆಲ್ಲಲಿಲ್ಲ. ಪೂರ್ವಸೂರಿಗಳ ಅಂಕಿಅಂಶಗಳೇ ತಪ್ಪಿರಬಹುದೆಂದು ಶಂಕಿಸಿ, ಅಂಗಡಿಯಲ್ಲಿ ಆರು ಅಡಿ ಉದ್ದದ ಮರದ ಪೆಟ್ಟಿಗೆಯೊಂದನ್ನು ಮಾಡಿ, ಬೀಸಣಿಗೆಯಿಂದ ಗಾಳಿ ಹಾಯಿಸಿ, ಸುಮಾರು 200 ಪುಟ್ಟ ರೆಕ್ಕೆಗಳ ಮಾದರಿಗಳನ್ನು ಪರೀಕ್ಷಿಸಿದರು. ಹಳೆಯ ಕೋಷ್ಟಕಗಳನ್ನು ಕುರುಡಾಗಿ ನಂಬಬಾರದೆಂಬುದು ಸ್ಪಷ್ಟವಾಯಿತು. ಹಿರಿಯರು ಬರೆದಿಟ್ಟಿದ್ದಾರೆಂಬ ಗೌರವವನ್ನು ಕಾಪಾಡಿಕೊಂಡೂ ಅಳೆದು ನೋಡಿದ ಬಳಿಕವೇ ನಂಬುವ ಈ ವಿವೇಕ ಅವರ ಸಾಧನೆಯ ಅಡಿಪಾಯ.

1902ರ ಗ್ಲೈಡರಿಗೆ 32 ಅಡಿ ಅಗಲದ ನೀಳ ರೆಕ್ಕೆಗಳಿದ್ದವು. ಹಾರಿಸುವವರು ಕೆಳ ರೆಕ್ಕೆಯ ಮೇಲೆ ಬೋರಲಾಗಿ ಮಲಗಿ, ಸೊಂಟವನ್ನು ಎಡಕ್ಕೋ ಬಲಕ್ಕೋ ಸರಿಸಿದರೆ ತೊಟ್ಟಿಲಿನಂತಹ ಸಾಧನವೊಂದು ತಂತಿಗಳನ್ನೆಳೆದು ರೆಕ್ಕೆಯನ್ನು ತಿರುಚುತ್ತಿತ್ತು. ಹಿಂದಿನ ವರ್ಷದ ತೊಡಕಿಗೆ ಕಾರಣವೂ ತಿಳಿಯಿತು. ಹೆಚ್ಚು ಓರೆಯಾದ ರೆಕ್ಕೆ ಮೇಲೇಳುವುದರ ಜೊತೆಗೆ ಗಾಳಿಯ ಎಳೆತಕ್ಕೂ ಹೆಚ್ಚು ಸಿಲುಕಿ ಹಿಂದೆ ಬೀಳುತ್ತದೆ. ಹೀಗಾಗಿ ಮೂತಿ ಬೇಡದ ಕಡೆಗೆ ತಿರುಗುತ್ತದೆ. ಮೊದಲು ಹಿಂಭಾಗದಲ್ಲಿ ಸ್ಥಿರವಾದ ಲಂಬ ಪಟಗಳನ್ನು ಇರಿಸಿದರು, ಅದು ಸಾಲಲಿಲ್ಲ. ಆ ಪಟವನ್ನು ಚುಕ್ಕಾಣಿಯಂತೆ ತಿರುಗಿಸುವ ಸಲಹೆ ಆರ್ವಿಲ್ ಅವರದು. ಅದರ ತಂತಿಯನ್ನು ರೆಕ್ಕೆಯ ತಂತಿಗೇ ಜೋಡಿಸುವ ಯೋಚನೆ ವಿಲ್ಬರ್ ಅವರದು. ಹಾರಾಟದ ಮೂರೂ ದಿಕ್ಕಿನ ಹಿಡಿತ ಹೀಗೆ ಮನುಷ್ಯನ ವಶವಾಯಿತು. ಮುಂದಿನ ಚಿಕ್ಕ ರೆಕ್ಕೆಯಿಂದ ಏರಿಳಿತ, ತಿರುಚುವ ರೆಕ್ಕೆಯಿಂದ ವಾಲುವಿಕೆ, ಚುಕ್ಕಾಣಿಯಿಂದ ದಿಕ್ಕು. ಎಂಜಿನ್ ಇನ್ನೂ ಬಂದಿರಲಿಲ್ಲ. ಆದರೂ ಕಠಿಣವಾದ ಕೆಲಸ ಆಗಲೇ ಮುಗಿದಿತ್ತು.

ಸೈಕಲ್ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಕಟ್ಟಿಕೊಟ್ಟ 12 ಅಶ್ವಶಕ್ತಿಯ ಎಂಜಿನಿನೊಡನೆ 1903ರ ಡಿಸೆಂಬರ್ 14ರಂದು ವಿಲ್ಬರ್ ಮೊದಲ ಯತ್ನ ಮಾಡಿದರು. ನಾಣ್ಯ ಚಿಮ್ಮಿ ಗೆದ್ದ ಸರದಿ ಅದು. ಮೂರೂವರೆ ಸೆಕೆಂಡುಗಳಲ್ಲಿ ಯಂತ್ರ ಮರಳಿಗೆ ಕುಸಿಯಿತು. ಡಿಸೆಂಬರ್ 17ರಂದು ಸರದಿ ಆರ್ವಿಲ್ ಅವರದು. 12 ಸೆಕೆಂಡು, 120 ಅಡಿ. ಚರಿತ್ರೆಯ ಮೊದಲ ಹಾರಾಟದ ಕೀರ್ತಿ ತಮ್ಮನಿಗೆ ಸಂದಿತು. ಅದೇ ದಿನದ ನಾಲ್ಕನೆಯ ಹಾರಾಟದಲ್ಲಿ ವಿಲ್ಬರ್ 59 ಸೆಕೆಂಡುಗಳಲ್ಲಿ 852 ಅಡಿ ಕ್ರಮಿಸಿದರು. 1905ರ ಅಕ್ಟೋಬರ್ 5ರಂದು ಡೇಟನ್ ಸಮೀಪದ ಹಫ್‌ಮನ್ ಪ್ರೇರಿ ಎಂಬ ಹುಲ್ಲುಗಾವಲಿನಲ್ಲಿ ಸುತ್ತುಸುತ್ತಾಗಿ 39 ನಿಮಿಷ ಹಾರಿ, ಸುಮಾರು 24 ಮೈಲಿ ದೂರವನ್ನು ಸಾಧಿಸಿದರು.

ಫ್ರಾನ್ಸಿನಲ್ಲಿ ಮನ್ನಣೆ

ಯೂರೋಪಿನಲ್ಲಿ ಈ ಸಾಧನೆಯನ್ನು ನಂಬಿದವರು ಕಡಿಮೆ. 1908ರ ಆಗಸ್ಟ್ 8ರಂದು ಫ್ರಾನ್ಸಿನ ಲ ಮಾನ್ಸ್ ನಗರದ ಬಳಿಯ ಕುದುರೆ ಪಂದ್ಯದ ಬಯಲಿನಲ್ಲಿ ವಿಲ್ಬರ್ ಹಾರಿದ್ದು ಎರಡು ನಿಮಿಷಕ್ಕೂ ಕಡಿಮೆ. ಆದರೆ ಅಷ್ಟರಲ್ಲಿಯೇ ನೋಡುಗರ ಸಂಶಯ ಕರಗಿತ್ತು. ಆ ದೇಶದ ಹಾರಾಟಗಾರರು ಚುಕ್ಕಾಣಿಯೊಂದನ್ನೇ ನಂಬಿ, ರೆಕ್ಕೆಯನ್ನು ಮಟ್ಟವಾಗಿರಿಸಿಕೊಂಡು, ಜಾರುತ್ತ ದೊಡ್ಡ ಸುತ್ತು ಹಾಕುತ್ತಿದ್ದರು. ವಿಲ್ಬರ್ ಅವರ ಬೈಪ್ಲೇನ್ ಹದ್ದಿನಂತೆ ಒಳಕ್ಕೆ ವಾಲಿ ತಿರುಗಿತು. ಹಾರಾಟವೆಂದರೆ ಏನೆಂಬುದು ನೆರೆದ ಪರಿಣತರಿಗೆ ಅಂದು ಅರ್ಥವಾಯಿತು. ಅದೇ ವರ್ಷದ ಡಿಸೆಂಬರ್ 31ರಂದು ಅವರು ಎರಡು ಗಂಟೆ 20 ನಿಮಿಷ ಹಾರಿ ಮಿಶೆಲಿನ್ ಪಾರಿತೋಷಕ ಗೆದ್ದರು. ಈ ಸಂಭ್ರಮದ ನಡುವೆಯೇ ಸೆಪ್ಟೆಂಬರ್ 17ರಂದು ಅಮೆರಿಕದಲ್ಲಿ ಆರ್ವಿಲ್ ಹಾರಿಸುತ್ತಿದ್ದ ವಿಮಾನ ಅಪಘಾತಕ್ಕೀಡಾಗಿ, ಜೊತೆಗಿದ್ದ ಸೇನಾಧಿಕಾರಿ ಥಾಮಸ್ ಸೆಲ್‌ಫ್ರಿಜ್ ಮೃತಪಟ್ಟು, ಆರ್ವಿಲ್ ತೀವ್ರವಾಗಿ ಗಾಯಗೊಂಡಿದ್ದರು. ತಂಗಿ ಕ್ಯಾಥರೀನ್ ಶಿಕ್ಷಕಿಯ ಕೆಲಸವನ್ನು ಬದಿಗಿಟ್ಟು ಅಣ್ಣನ ಶುಶ್ರೂಷೆಗೆ ನಿಂತರು.

ನ್ಯಾಯಾಲಯದ ಮೆಟ್ಟಿಲು

1906ರ ಮೇ 22ರಂದು ಸಹೋದರರಿಗೆ ದೊರೆತ ಪೇಟೆಂಟ್ ಎಂಜಿನಿಗೆ ಸಂಬಂಧಿಸಿದ್ದಲ್ಲ. ರೆಕ್ಕೆಯ ಎರಡು ಬದಿಗಳನ್ನು ಬೇರೆ ಬೇರೆ ಕೋನಕ್ಕೆ ಹೊಂದಿಸಿ ಸಮತೋಲನ ಸಾಧಿಸುವ ವಿಧಾನವನ್ನೇ ಅದು ರಕ್ಷಿಸುತ್ತಿತ್ತು. ಗ್ಲೆನ್ ಕರ್ಟಿಸ್ ಎಂಬ ಇನ್ನೊಬ್ಬ ಸೈಕಲ್ ಹಾಗೂ ಮೋಟಾರ್ ಸೈಕಲ್ ತಯಾರಕರು ರೆಕ್ಕೆಯನ್ನು ತಿರುಚುವ ಬದಲು ಪ್ರತ್ಯೇಕವಾದ ಚಿಕ್ಕ ಚಲಿಸುವ ಫಲಕಗಳನ್ನು ಬಳಸಿದರು. ಇವೇ ಇಂದಿನ ಐಲೆರಾನ್‌ಗಳು. ಫ್ರೆಂಚ್ ಭಾಷೆಯಲ್ಲಿ ಪುಟ್ಟ ರೆಕ್ಕೆಯೆಂದು ಅರ್ಥ. ಮುಖ್ಯ ರೆಕ್ಕೆ ಬಾಗುವುದೇ ಇಲ್ಲವಾದ್ದರಿಂದ ತಮ್ಮದು ಬೇರೆ ವಿಧಾನವೆಂಬುದು ಕರ್ಟಿಸ್ ಅವರ ವಾದ. ಎರಡು ಬದಿಯ ಎತ್ತುಬಲವನ್ನು ಬೇರೆ ಮಾಡುವ ತತ್ತ್ವ ಒಂದೇ ಎಂಬುದು ವಿಲ್ಬರ್ ಅವರ ವಾದ. ಮ್ಯಾಥ್ಯೂ ಬೌಲ್ಟನ್ ಎಂಬ ಆಂಗ್ಲರು 1868ರಲ್ಲೇ ಇಂತಹ ಫಲಕಗಳಿಗೆ ಪೇಟೆಂಟ್ ಪಡೆದಿದ್ದುದೂ ನಿಜ. ಆದರೆ ಅದನ್ನು ಹಾರುವ ಯಂತ್ರದಲ್ಲಿ ಸಾಧಿಸಿ ತೋರಿಸಿದವರು ಆಗ ಯಾರೂ ಇರಲಿಲ್ಲ.

1909ರಲ್ಲಿ ದಾವೆ ಹೂಡಲಾಯಿತು. ಅಲ್ಲಿಂದ ಮುಂದೆ ವಿಲ್ಬರ್ ಅವರ ಸಮಯವೆಲ್ಲ ವಕೀಲರು, ಸಾಕ್ಷ್ಯಗಳು, ರೈಲು ಪ್ರಯಾಣಗಳಲ್ಲಿ ಕಳೆಯಿತು. ಹಾರಾಟದ ಜ್ಞಾನ ಮುಕ್ತವಾಗಿ ಹಂಚಿಕೆಯಾಗಬೇಕೆಂದು ನಂಬಿದ್ದ ಶನೂಟ್ ಅವರೊಡನೆ ಮನಸ್ತಾಪ ಬೆಳೆಯಿತು. ಹತ್ತು ವರ್ಷಗಳ ಪತ್ರಸ್ನೇಹ ಹಳಸಿ, 1910ರ ನವೆಂಬರ್‌ನಲ್ಲಿ ಆ ಹಿರಿಯರು ಕಣ್ಮುಚ್ಚಿದರು. ಹೊಸ ಸಂಶೋಧನೆಗೆ ಬಿಡುವು ಸಿಗಲಿಲ್ಲ. ಬೇಕಾದಂತೆ ಬಾಗುವ ರೆಕ್ಕೆಯನ್ನು ರೂಪಿಸಿದವರು ಈ ವಿವಾದದಲ್ಲಿ ಎಳ್ಳಷ್ಟೂ ಬಾಗಲಿಲ್ಲ. ಅದು ನ್ಯಾಯನಿಷ್ಠೆಯೋ ಹಠವೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಅದಕ್ಕೆ ತೆತ್ತ ಬೆಲೆಯ ಬಗ್ಗೆ ಮಾತ್ರ ಅನುಮಾನವಿಲ್ಲ.

1912ರ ವಸಂತದಲ್ಲಿ ಪ್ರವಾಸದಿಂದ ಅಸ್ವಸ್ಥರಾಗಿ ಮರಳಿದ ವಿಲ್ಬರ್ ಅವರಿಗೆ ಟೈಫಾಯ್ಡ್ ತಗಲಿತ್ತು. ಮೇ 30ರಂದು ಡೇಟನ್ನಿನ ಮನೆಯಲ್ಲಿ ಅವರು ಕೊನೆಯುಸಿರೆಳೆದರು. ವಯಸ್ಸು ಕೇವಲ 45. ಹಾರಾಟದ ಪುಸ್ತಕಗಳನ್ನು ಕೇಳಿ ಪತ್ರ ಬರೆದ ದಿನಕ್ಕೆ ಅಂದಿಗೆ ಸರಿಯಾಗಿ 13 ವರ್ಷ. ಅವರಿಗೆ ಮದುವೆಯಾಗಿರಲಿಲ್ಲ. ಮೊಕದ್ದಮೆಯ ಅಂತಿಮ ತೀರ್ಪು 1914ರ ಜನವರಿಯಲ್ಲಿ ರೈಟ್ ಪರವಾಗಿ ಬಂದಾಗ ಅದನ್ನು ಕೇಳಲು ಅವರಿರಲಿಲ್ಲ.

ಮುಂಬಯಿ ಮತ್ತು ಕರ್ನಾಟಕದ ನಂಟು

ವಿಲ್ಬರ್ ಬದುಕಿದ್ದಾಗಲೇ, 1911ರ ಫೆಬ್ರವರಿ 18ರಂದು ಆನ್ರಿ ಪೆಕೆ ಎಂಬ ಫ್ರೆಂಚ್ ಹಾರಾಟಗಾರರು ಅಲಹಾಬಾದಿನಿಂದ ಯಮುನೆಯನ್ನು ದಾಟಿ ನೈನಿಗೆ ಬೈಪ್ಲೇನಿನಲ್ಲಿ ಅಂಚೆ ಒಯ್ದಿದ್ದರು. ಮುಂಬಯಿಯಲ್ಲಾದರೋ ಹಾರಾಟದ ಕುರಿತು ಇನ್ನೊಂದು ಕಥೆ ಜನಜನಿತ. ಶಿವಕರ್ ಬಾಪೂಜಿ ತಳಪದೆ ಅವರು 1895ರಲ್ಲಿ ಚೌಪಾಟಿಯಲ್ಲಿ ವಿಮಾನ ಹಾರಿಸಿದರೆಂಬ ಕಥೆ ಅದು. ಅವರಿಗೆ ಮಾರ್ಗದರ್ಶನ ನೀಡಿದರೆಂದು ಹೇಳಲಾಗುವ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ನಮ್ಮ ಆನೇಕಲ್ಲಿನವರು, ವೈಮಾನಿಕ ಶಾಸ್ತ್ರವೆಂಬ ಗ್ರಂಥವನ್ನು ಹೇಳಿ ಬರೆಸಿದವರು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ನಾಲ್ವರು ಸಹೋದ್ಯೋಗಿಗಳು ಆ ಗ್ರಂಥವನ್ನು ಕೂಲಂಕಷವಾಗಿ ಪರಿಶೀಲಿಸಿದರು. ಗ್ರಂಥ 20ನೆಯ ಶತಮಾನಕ್ಕಿಂತ ಹಳೆಯದಲ್ಲ, ಅದರಲ್ಲಿ ವರ್ಣಿಸಿದ ಯಾವ ವಿಮಾನವೂ ಹಾರುವ ಗುಣ ಹೊಂದಿಲ್ಲ, ತಳಪದೆ ಅವರ ಯತ್ನ ಸಫಲವಾಗಲಿಲ್ಲ ಎಂಬುದು ಅವರ ತೀರ್ಮಾನ. ನಮ್ಮವರ ಮೇಲಿನ ಅಭಿಮಾನ ಸಹಜ. ಆದರೆ ವಿಲ್ಬರ್ ಅವರ ಜೀವನ ಒಂದು ಪ್ರಶ್ನೆಯನ್ನು ಕಲಿಸುತ್ತದೆ. ಯಂತ್ರ ಮೇಲೇರಿತೇ ಎಂಬುದಷ್ಟೇ ಸಾಲದು. ವಾಲಿದಾಗ ಅದನ್ನು ನೆಟ್ಟಗೆ ಮಾಡಿದ್ದು ಯಾವುದು? ಆ ಉತ್ತರವಿಲ್ಲದ ಕಥೆ ಎಷ್ಟೇ ಪ್ರಿಯವಾದರೂ ಕಥೆಯೇ. ಆ ಕಾಲದಲ್ಲಿ ಹಾರಾಟದ ಕನಸು ಕಂಡ ತಳಪದೆ ಅವರ ಸಾಹಸಕ್ಕೆ ಇದರಿಂದ ಕುಂದಿಲ್ಲ.

ನೈಜವಾದ ನಂಟು ಬೇರೆಯೇ ಇದೆ. ಜೆ.ಆರ್.ಡಿ. ಟಾಟಾ ಅವರು 1930ರಲ್ಲಿ ಆಗಾ ಖಾನ್ ಬಹುಮಾನಕ್ಕಾಗಿ ಹಾರಿಸಿದ ಜಿಪ್ಸಿ ಮೋತ್ ಒಂದು ಬೈಪ್ಲೇನ್. ಅದರ ರೆಕ್ಕೆ ತಿರುಚಿಕೊಳ್ಳುತ್ತಿರಲಿಲ್ಲ. ಕೆಳಗಿನ ರೆಕ್ಕೆಗಳಲ್ಲಿ ಐಲೆರಾನ್‌ಗಳಿದ್ದವು. ವೇಗ ಮತ್ತು ಭಾರ ಹೆಚ್ಚಿದಂತೆ ಬಾಗುವ ರೆಕ್ಕೆ ದುರ್ಬಲವೆನಿಸಿ, ಗಟ್ಟಿ ರೆಕ್ಕೆ ಮತ್ತು ಚಲಿಸುವ ಫಲಕಗಳ ಜೋಡಿ ಉಳಿದುಕೊಂಡಿತ್ತು. ರೂಪ ಕರ್ಟಿಸ್ ಅವರದು, ಹಿಡಿತದ ತತ್ತ್ವ ವಿಲ್ಬರ್ ಅವರದು. 1929ರಲ್ಲಿ ವೈರಿಗಳ ಹೆಸರಿನ ಕಂಪನಿಗಳೇ ಒಂದಾಗಿ ಕರ್ಟಿಸ್-ರೈಟ್ ಎನಿಸಿದವು. ಮುಂಬಯಿಯ ಉದ್ಯಮಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಮೊದಮೊದಲು ಜೋಡಣೆಯಾದ ವಿಮಾನಗಳಲ್ಲಿ ಆ ಕಂಪನಿಯ ಹಾಕ್ ಯುದ್ಧವಿಮಾನವೂ ಸೇರಿತ್ತು. ಡೇಟನ್ನಿನ ಜಗಳದ ಎರಡೂ ಹೆಸರುಗಳು ಹೀಗೆ ಕನ್ನಡ ನೆಲಕ್ಕೆ ಒಟ್ಟಿಗೆ ಬಂದವು.

ರೆಕ್ಕೆ ತಿರುಚುವ ಉಪಾಯ ಸಂಪೂರ್ಣ ಅಳಿಯಲಿಲ್ಲ. 2002ರಿಂದ ಕೆಲ ವರ್ಷ ನಾಸಾ ಸಂಸ್ಥೆ ಎಫ್-18 ಜೆಟ್ ವಿಮಾನವೊಂದರ ರೆಕ್ಕೆಯನ್ನು ಬೇಕೆಂದೇ ಹೆಚ್ಚು ಬಾಗುವಂತೆ ಮಾಡಿ, ಆ ಬಾಗುವಿಕೆಯಿಂದಲೇ ವಿಮಾನವನ್ನು ನಿಯಂತ್ರಿಸುವ ಪ್ರಯೋಗ ನಡೆಸಿತು. 2021ರ ಏಪ್ರಿಲ್ 19ರಂದು ಮಂಗಳ ಗ್ರಹದಲ್ಲಿ ಹಾರಿದ ಇಂಜೆನ್ಯುಯಿಟಿ ಎಂಬ ಪುಟ್ಟ ಹೆಲಿಕಾಪ್ಟರಿನಲ್ಲಿ 1903ರ ವಿಮಾನದ ರೆಕ್ಕೆಯ ಬಟ್ಟೆಯ ಚೂರೊಂದನ್ನು ಕಟ್ಟಲಾಗಿತ್ತು.

ವಿಲ್ಬರ್ ಅವರಿಗೆ ಕಾಲೇಜು ಪದವಿಯಿರಲಿಲ್ಲ, ಸರಕಾರದ ಅನುದಾನವಿರಲಿಲ್ಲ. ಇದ್ದದ್ದು ಒಂದು ಸೈಕಲ್ ಅಂಗಡಿ, ಒಬ್ಬ ತಮ್ಮ, ಮತ್ತು ಅಳೆಯದೆ ನಂಬಬಾರದೆಂಬ ನಿಷ್ಠೆ. ಹಗಲು ದುಡಿದು ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಹಿರಿಯರನ್ನು ಕಂಡಿರುವ ಮುಂಬಯಿ ಕನ್ನಡಿಗರಿಗೆ ಈ ಬಗೆಯ ಬದುಕು ಅಪರಿಚಿತವಲ್ಲ. ಬೀಳುವುದನ್ನು ತಡೆಯುವ ವಿದ್ಯೆ ಕೈಗೂಡಿದ ಮೇಲೆ ಏರುವುದು ಕಷ್ಟವಲ್ಲವೆಂಬುದು ಅವರು ಬಿಟ್ಟುಹೋದ ಪಾಠ.